ಕೊಡ ಹೊತ್ತ ಹೆಂಗಸು ಬಟ್ಟೆ ಅಂಗಡಿಯ ಗೊಂಬೆ ಹಾಗೆ ಯಾಕೆ ಕಾಣುತ್ತಾಳೆ?

ಪ್ರಶ್ನೆ: ಮೇಡಂ, ನಮಸ್ಕಾರ. ಮಕ್ಕಳ ಪುಸ್ತಕಕ್ಕೆ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಚಿತ್ರ ಮಾಡುತ್ತಿದ್ದೇನೆ. ಎಡ ಸೊಂಟದ ಮೇಲೆ ನೀರಿನ ಕೊಡ ಇಟ್ಟುಕೊಂಡು ನಿಂತ ಹೆಂಗಸು. ಮೈ ಆಡಿಸಲು ಬ್ಲೆಂಡರ್‌ನದೇ ರಿಗಿಫೈ ರಿಗ್ (ಮೂಳೆಗಳು ಮತ್ತು ಅವನ್ನು ಆಡಿಸುವ ಕಂಟ್ರೋಲ್‌ಗಳ ಚೌಕಟ್ಟು) ಹಾಕಿದ್ದೇನೆ. ಕೈ, ಬೆರಳು, ಮುಖ ಎಲ್ಲವನ್ನೂ ಎರಡು ದಿನ ಕೂತು ತಿದ್ದಿದೆ. ಆದರೂ ಬಟ್ಟೆ ಅಂಗಡಿಯ ಗೊಂಬೆ ಹಾಗೇ ಕಾಣುತ್ತಾಳೆ. ಕೊಡವನ್ನು ಗೋಂದು ಹಾಕಿ ಅಂಟಿಸಿದ ಹಾಗಿದೆ. ರೆಂಡರ್ (ಸಿದ್ಧವಾದ ಚಿತ್ರ) ಹಾಕಿದ್ದೇನೆ, ದಯವಿಟ್ಟು ನೋಡಿ.

ಉತ್ತರ: ನೋಡಿದೆ. ಬೆರಳುಗಳು ಚೆನ್ನಾಗಿವೆ, ಆ ಶ್ರಮ ಕಾಣುತ್ತದೆ. ತಪ್ಪಿರುವುದು ಸೊಂಟದಲ್ಲಿ. ಎರಡೂ ಮೊಣಕಾಲು ನೆಟ್ಟಗಿವೆ, ಎರಡೂ ಪಾದ ಒಂದೇ ಗೆರೆಯಲ್ಲಿವೆ, ಸೊಂಟ ಮಟ್ಟವಾಗಿದೆ. ಟಿ-ಪೋಸ್‌ನಿಂದ (ಕೈ ಎರಡೂ ಪಕ್ಕಕ್ಕೆ ಚಾಚಿ ನೆಟ್ಟಗೆ ನಿಂತ ಆರಂಭದ ಭಂಗಿ) ಕೈ ಮಾತ್ರ ಇಳಿಸಿ ಕೊಡ ಹಿಡಿಸಿದ್ದೀರಿ. ಕೊಡ ಬಂದಿದೆ ಅಂತ ದೇಹಕ್ಕೆ ಇನ್ನೂ ಗೊತ್ತೇ ಆಗಿಲ್ಲ.

10 ಲೀಟರ್ ನೀರು ಅಂದರೆ 10 ಕಿಲೋ. ಕೊಡದ ತೂಕ ಬೇರೆ. ಅಷ್ಟು ಭಾರ ಒಂದು ಪಕ್ಕಕ್ಕೆ ಬಂದರೆ ಮನುಷ್ಯರು ನೆಟ್ಟಗೆ ನಿಲ್ಲುವುದಿಲ್ಲ, ಅಲ್ವಾ? ಹಾಗಾಗಿ ಕೈಗಳನ್ನು ಸದ್ಯಕ್ಕೆ ಮರೆತುಬಿಡಿ. ಕಾಲುಗಳನ್ನು ಐಕೆಯಲ್ಲೇ (ಪಾದ ಇಟ್ಟ ಜಾಗಕ್ಕೆ ತಕ್ಕಂತೆ ಮೊಣಕಾಲು ತಾನೇ ಮಡಚುವ ವಿಧಾನ) ಇಡಿ, ಆಗ ಪಾದ ನೆಲ ಬಿಡುವುದಿಲ್ಲ. ಟಾರ್ಸೋ ಕಂಟ್ರೋಲ್ ಹಿಡಿದು ಇಡೀ ಮೈಯನ್ನು ಎಡಗಾಲಿನ ಮೇಲಕ್ಕೆ ಸರಿಸಿ. ಆಮೇಲೆ ಹಿಪ್ಸ್ ಕಂಟ್ರೋಲ್ ತಿರುಗಿಸಿ ಎಡ ಸೊಂಟ ಮೇಲೆ, ಬಲ ಸೊಂಟ ಕೆಳಗೆ ಬರುವಂತೆ ಮಾಡಿ. ಬಲ ಮೊಣಕಾಲು ತಾನಾಗಿಯೇ ಸ್ವಲ್ಪ ಮಡಚಿಕೊಳ್ಳುತ್ತದೆ. ಎಡಗಾಲು ರಬ್ಬರಿನ ಹಾಗೆ ಉದ್ದವಾದರೆ ಕಾಲು ಹಿಗ್ಗಲು ಬಿಡುವ ಐಕೆ ಸ್ಟ್ರೆಚ್ ಅನ್ನು 0 ಮಾಡಿ, ಟಾರ್ಸೋ ಒಂದು ಚೂರು ಇಳಿಸಿ. ಈಗ ಕೊಡಕ್ಕೆ ಕೂರಲು ಜಾಗ ಸಿಕ್ಕಿತು.

ಭುಜದ ವಿಷಯದಲ್ಲಿ ಎಚ್ಚರ. ಸುಮ್ನೆ ಒಂದು ಕಾಲಿನ ಮೇಲೆ ನಿಂತಾಗ ಸೊಂಟ ಏರಿದ ಕಡೆ ಭುಜ ಇಳಿಯುತ್ತದೆ. ಎಲ್ಲರೂ ಕಲಿಸುವುದು ಇದನ್ನೇ. ಖಾಲಿ ಕೊಡಕ್ಕೆ ಇದು ಸರಿ. ತುಂಬಿದ ಕೊಡವಾದರೆ ಎದೆ ಭಾಗ ಬಲಕ್ಕೆ ವಾಲುತ್ತದೆ, ಬಲಗೈ ಮೈಯಿಂದ ದೂರ ಸರಿದು ಸಮತೋಲ ಹುಡುಕುತ್ತದೆ. ಮೈ ಮತ್ತು ಕೊಡ ಎರಡರ ಒಟ್ಟು ಭಾರ ಪಾದಗಳ ಮೇಲೇ ಬೀಳಬೇಕು. ನಿಮ್ಮ ಕಥೆಯ ಹೆಂಗಸು ಬಾವಿಗೆ ಹೊರಟವಳಾ, ಅಲ್ಲಿಂದ ಬರುತ್ತಿರುವವಳಾ? ಅದು ಭುಜದಲ್ಲೇ ಗೊತ್ತಾಗಬೇಕು.

ಮನೆಯಲ್ಲಿ ಕೊಡ ಇದ್ದರೆ ನೀರು ತುಂಬಿಸಿ, ನೀವೇ ಸೊಂಟಕ್ಕಿಟ್ಟುಕೊಂಡು ನಿಂತು ಫೋನಲ್ಲಿ ಫೋಟೋ ತೆಗೆಸಿಕೊಳ್ಳಿ. ಖಾಲಿ ಪಾತ್ರೆ ಹಿಡಿದು ಭಾರ ನಟಿಸಿದರೆ ಮೈ ಸುಳ್ಳು ಹೇಳುತ್ತದೆ. ಬೇಲೂರಿಗೆ ಹೋದರೆ ಚೆನ್ನಕೇಶವ ದೇವಸ್ಥಾನದ ಮದನಿಕೆಯರನ್ನು, ಅಂದರೆ ಅಲ್ಲಿನ ಹೆಂಗಸರ ಶಿಲ್ಪಗಳನ್ನು, ನಿಧಾನವಾಗಿ ನೋಡಿ. ಕುತ್ತಿಗೆ, ಸೊಂಟ, ಮೊಣಕಾಲು ಮೂರು ಕಡೆ ಬಳುಕು. ಅದೇ ತ್ರಿಭಂಗ. 1117ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನ. ಕಲ್ಲಿನ ಮೈಯಲ್ಲಿ ಭಾರ ಯಾವ ಕಾಲಿನ ಮೇಲಿದೆ ಅಂತ ಇವತ್ತಿಗೂ ತೋರಿಸಬಹುದು. ನಾನು ಹೊಸಬರಿಗೆ ಮೊದಲು ತೋರಿಸುವುದೇ ಆ ಫೋಟೋಗಳನ್ನು.

ಪ್ರಶ್ನೆ: ಮೇಡಂ, ಮಾಡಿದೆ! ತುಂಬಿದ ಕೊಡ ಹಿಡಿದು ನಿಂತಾಗ ಬಲಗೈ ನಿಜವಾಗಿಯೂ ತಾನೇ ಆಚೆ ಹೋಯಿತು. ನಿಲುವು ಈಗ ಸರಿ ಬಂದಿದೆ. ಆದರೆ ಕೊಡ ಬಳಸಿದ ಎಡಗೈ ಮಣಿಕಟ್ಟಿನ ಹತ್ತಿರ ಹಿಂಡಿದ ಬಟ್ಟೆ ಹಾಗೆ ಸುರುಳಿಯಾಗಿದೆ.

ಉತ್ತರ: ಅಂಗೈ ತಿರುಗಿಸಲು ಮಣಿಕಟ್ಟಿನ ಮೂಳೆಯೊಂದನ್ನೇ ತಿರುಚಿದ್ದೀರಿ. ನಿಮ್ಮ ಕೈ ಚಾಚಿ, ಇನ್ನೊಂದು ಕೈಯಿಂದ ಮುಂಗೈಯನ್ನು ಹಿಡಿದು, ಅಂಗೈ ಮೇಲೆ ಕೆಳಗೆ ಮಾಡಿ ನೋಡಿ. ಒಳಗೆ ಒಂದು ಮೂಳೆ ಇನ್ನೊಂದರ ಮೇಲೆ ಹಾಯುವುದು ಬೆರಳಿಗೆ ತಿಳಿಯುತ್ತದೆ. ಆ ತಿರುವು ಮೊಣಕೈಯಿಂದ ಮಣಿಕಟ್ಟಿನವರೆಗೂ ಹರಡಿರುತ್ತದೆ. ಮಣಿಕಟ್ಟು ಬಾಗುವುದು ಹಿಂದೆ ಮುಂದೆ, ಅಕ್ಕಪಕ್ಕ ಮಾತ್ರ. ಆದ್ದರಿಂದ ಕೈಯನ್ನು ಎಫ್‌ಕೆಗೆ (ಒಂದೊಂದು ಮೂಳೆಯನ್ನೂ ನಾವೇ ತಿರುಗಿಸುವ ವಿಧಾನ) ಹಾಕಿ, ತೋಳಿನಿಂದ ಸ್ವಲ್ಪ, ಮುಂಗೈಯಿಂದ ಹೆಚ್ಚು ತಿರುಗಿಸಿ. ಇನ್ನೂ ಸಣ್ಣಗೆ ಹಿಂಡಿದ ಹಾಗಿದ್ದರೆ ಮೂಳೆಗಳ ಜೊತೆ ಮೈಯನ್ನು ಆಡಿಸುವ ಆರ್ಮೇಚರ್ ಮಾಡಿಫೈಯರ್‌ನಲ್ಲಿ, ತಿರುಚಿದ ಕಡೆ ಮೈ ಸೊರಗದಂತೆ ನೋಡುವ ಪ್ರಿಸರ್ವ್ ವಾಲ್ಯೂಮ್ ಟಿಕ್ ಮಾಡಿ.

ಇನ್ನೊಬ್ಬರ ಪ್ರಶ್ನೆ: ನನ್ನದು ಕೊಡ ತಲೆ ಮೇಲೆ. ಕೈ ಎತ್ತಿದ ಕೂಡಲೇ ಕಂಕುಳ ಹತ್ತಿರ ಮೈ ಹರಿದ ಹಾಗಾಗುತ್ತದೆ. ಸೊಂಟ ಇದೇ ರೀತಿ ಮಾಡಬೇಕಾ?

ಉತ್ತರ: ನೀವು ಬರೀ ತೋಳನ್ನು ಎತ್ತಿದ್ದೀರಿ ಅನಿಸುತ್ತದೆ. ಕೈ ಪೂರ್ತಿ 180 ಡಿಗ್ರಿ ಏರುವಾಗ ಸುಮಾರು 120 ಮಾತ್ರ ತೋಳಿನ ಕೀಲಿನದು. ಉಳಿದ 60 ಬೆನ್ನಿನ ಹೆಗಲ ಮೂಳೆ ತಿರುಗುವುದರಿಂದ ಬರುತ್ತದೆ. ಶೋಲ್ಡರ್ ಕಂಟ್ರೋಲನ್ನೂ ಜೊತೆಗೆ ಎತ್ತಿ, ಭುಜ ಕಿವಿಯ ಕಡೆ ಬರಲಿ. ಸೊಂಟ ಬಳುಕಬಹುದು, ಆದರೆ ಕುತ್ತಿಗೆ ಮತ್ತು ತಲೆ ಕಂಬದ ಹಾಗೆ ನೇರ. ಪಕ್ಕಕ್ಕೆ ನೋಡಬೇಕಿದ್ದರೆ ಕಣ್ಣುಗುಡ್ಡೆ ಮಾತ್ರ ತಿರುಗಿಸಿ. ಮತ್ತೆ, ಕೊಡದ ಕೆಳಗೆ ಸಿಂಬಿ ಮಾಡೆಲ್ ಮಾಡುವುದನ್ನು ಮರೆಯಬೇಡಿ. ದುಂಡು ತಳದ ಕೊಡ ಬರಿ ತಲೆಯ ಮೇಲೆ ನಿಲ್ಲುವುದಿಲ್ಲ.