ಬೈಯುವುದಕ್ಕೂ ಒಂದು ನಿಮಿಷ ಮುಂಚೆ

ಪುಟ್ಟಿ, ಮನೆಯವರ ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜ್ ಓದಿದೆ. ನೀನು ಪಾಠ ಮಾಡುವ, ವಿಶೇಷ ಅಗತ್ಯದ ಮಕ್ಕಳ ಸ್ಪೆಷಲ್ ಕ್ಲಾಸಿನ ಹತ್ತು ವರ್ಷದ ಹುಡುಗ ಎಲ್ಲರ ಮುಂದೆ ನಿನಗೆ 'ಹೋಗೇ' ಅಂತಾನೆ, ಪುಸ್ತಕ ಎಸೆಯುತ್ತಾನೆ, ಹೊರಗೆ ಕಳಿಸಿದರೂ ಮರುದಿನ ಅದೇ ಕತೆ. ಬೇಜಾರಾಗುತ್ತದೆ ಕಣೇ, ಆಗದೆ ಇರುತ್ತಾ?

ಮಾವ, 'ಎರಡು ಬಿಟ್ಟರೆ ಸರಿಹೋಗುತ್ತಾನೆ' ಅಂದಿರಿ. ದಯವಿಟ್ಟು ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಹೊಡೆಯುವ ಹಾಗೂ ಇಲ್ಲ, ಮಾತಿನಲ್ಲಿ ಹಿಂಸಿಸುವ ಹಾಗೂ ಇಲ್ಲ. ಕಾನೂನು ಹಾಗಿರಲಿ, ಏಟು ತಿಂದ ಮಾತ್ರಕ್ಕೆ ಆ ಮಗುವಿಗೆ 'ನನಗೆ ಇದು ಆಗಲ್ಲ' ಅಂತ ಹೇಳಲು ಬಂದುಬಿಡುತ್ತಾ?

ಪುಟ್ಟಿ, ಅವನು ಬೈಯುವುದಕ್ಕೂ ಒಂದು ನಿಮಿಷ ಮುಂಚೆ ಏನಾಯಿತು ನೋಡು. ಕಾಪಿ ಪುಸ್ತಕ ತೆಗೆದ ಕೂಡಲೇ ಶುರು, ಮಣಿ ಪೋಣಿಸುವಾಗ ಇಲ್ಲ ಅಂತ ನೀನೇ ಬರೆದಿದ್ದೀಯ. ಅವನಿಗೆ ಬರೆಯುವುದು ಕಷ್ಟ. ಬೈದ, ನೀನು ಹೊರಗೆ ಕಳಿಸಿದೆ, ಬರೆಯುವುದು ತಪ್ಪಿತು. ಅವನಿಗೆ ಬೇಕಾಗಿದ್ದೂ ಅದೇ ಅಲ್ವಾ?

ಒಂದು ವಾರ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕು. ಮೊದಲು ಏನಾಗಿತ್ತು, ಅವನು ಏನು ಮಾಡಿದ, ಆಮೇಲೆ ನೀವು ಏನು ಮಾಡಿದಿರಿ. 'ಉದ್ಧಟತನ ಮಾಡಿದ' ಅಂತ ಬರೆಯಬೇಡ. 'ಪೆನ್ಸಿಲ್ ಕೊಟ್ಟೆ, ಎಸೆದ, ಹೊರಗೆ ಕಳಿಸಿದೆ' ಅಂತ ಬರಿ.

ಅಂಗೈ ಚಿತ್ರ ಇರುವ ಒಂದು 'ಸಾಕು ಮಿಸ್' ಕಾರ್ಡ್ ಮಾಡಿಕೊಡು. ಬೈಯುವ ಬದಲು ಅದನ್ನು ಎತ್ತಿ ತೋರಿಸುವುದನ್ನು ಅವನು ಸಮಾಧಾನವಾಗಿರುವಾಗಲೇ ಕಲಿಸು. ಎತ್ತಿದ ತಕ್ಷಣ 2 ನಿಮಿಷ ಬಿಡುವು, ಆಮೇಲೆ ಮತ್ತೆ ಬರೆಯುವುದೇ. ಆದರೆ ಪುಟ ಪೂರ್ತಿ ಬೇಡ, ಒಂದೇ ಸಾಲು. ಬೈದರೆ ಸುಮ್ನೆ ಕಾರ್ಡ್ ತೋರಿಸು, ಮುಖ ಸಿಂಡರಿಸಬೇಡ. ಮೊದಮೊದಲು ಬೈಗುಳ ಜಾಸ್ತಿಯೇ ಆಗಬಹುದು. ಆಗ ಸೋತು ಹೊರಗೆ ಕಳಿಸಿದರೆ, ಇನ್ನೂ ಜೋರಾಗಿ ಬೈದರೆ ಕೆಲಸ ಆಗುತ್ತದೆ ಅಂತ ನಾವೇ ಕಲಿಸಿದ ಹಾಗೆ. ಕ್ಲಾಸಿನ ಆಯಮ್ಮನಿಗೂ ಹೇಳು, ಅವನು ಬೈದಾಗ ನಗಬಾರದು.

ಏಕವಚನದಲ್ಲಿ ಮಾತಾಡುತ್ತಾನೆ ಅಂತ ತಲೆ ಕೆಡಿಸಿಕೊಳ್ಳಬೇಡ. ದಿನವಿಡೀ ಎಲ್ಲರೂ ಅವನಿಗೆ ಹೇಳುವುದು 'ಬಾ, ಕೂತ್ಕೋ' ಅಂತಲೇ. ಕೇಳಿದ್ದನ್ನೇ ಹೇಳುತ್ತಾನೆ.

ಇನ್ನೊಂದು ಮುಖ್ಯ ವಿಷಯ. ಇದು ಇದ್ದಕ್ಕಿದ್ದ ಹಾಗೆ ಶುರುವಾಗಿದ್ದರೆ ಹಲ್ಲುನೋವು, ಕಿವಿನೋವು ಇದೆಯಾ, ನಿದ್ದೆ ಸರಿಯಾಗಿ ಆಗುತ್ತಿದೆಯಾ, ಮಾತ್ರೆ ಬದಲಾಗಿದೆಯಾ ಅಂತ ಅವನ ಅಮ್ಮನನ್ನು ಕೇಳು. ಪಾಪ, ಆಕೆಗೆ ಶಾಲೆಯಿಂದ ಬರುವುದೆಲ್ಲ ದೂರೇ. ಮೊದಲು ಅವನು ಚೆನ್ನಾಗಿ ಮಾಡಿದ್ದು ಒಂದಾದರೂ ಹೇಳಿ ಆಮೇಲೆ ಕೇಳು. ಮಾತು ತೀರಾ ಕಮ್ಮಿ ಇದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಲು ಹೇಳು.

ವಾರ ಆದಮೇಲೆ ಆ ಪುಟಗಳ ಫೋಟೋ ಕಳಿಸು. ಹುಡುಗನ ಹೆಸರು ಕಾಣಬಾರದು. ಗ್ರೂಪಿಗೆ ಬೇಡ, ನನಗೊಬ್ಬಳಿಗೇ ಕಳಿಸು, ಕೂತು ನೋಡೋಣ.