ಸಹಾಯ ಬೇಕು: ಸ್ಲೋ ಮೋಷನ್‌ನಲ್ಲೂ ತುಟಿ ಹಾಡಿಗೆ ಹೊಂದಬೇಕು

ಎಲ್ಲರಿಗೂ ನಮಸ್ಕಾರ. ನಾವು ಕುಂಬಳೆ ಕಡೆಯವರು. ನಮ್ಮೂರಿನ ಹುಡುಗಿ ಹಾಡಿದ ಭಾವಗೀತೆಗೆ ವಿಡಿಯೋ ಮಾಡುತ್ತಿದ್ದೇವೆ. ಗಡಿಯ ಈಚೆ, ಕೇರಳದಿಂದಲೂ ಕನ್ನಡದಲ್ಲಿ ಒಂದು ಚಂದದ ವಿಡಿಯೋ ಬರಬೇಕು ಅನ್ನುವ ಆಸೆ.

ಬೇಕಲ ಕೋಟೆಯಲ್ಲಿ ಕಡಲ ಗಾಳಿಗೆ ಅವಳ ಸೆರಗು ನಿಧಾನವಾಗಿ ತೇಲಬೇಕು. ತುಟಿ ಮಾತ್ರ ಹಾಡಿನ ಜೊತೆಗೇ ಹೋಗಬೇಕು. ಕ್ಯಾಮೆರಾದಲ್ಲಿ ಸೆಕೆಂಡಿಗೆ 60 ಫ್ರೇಮ್, ಎಡಿಟಿಂಗ್ ಟೈಮ್‌ಲೈನ್‌ನಲ್ಲಿ 24, ಅಂದರೆ ತೆಗೆದದ್ದು ಎರಡೂವರೆ ಪಟ್ಟು ನಿಧಾನವಾಗಿ ಕಾಣುತ್ತದೆ. ಹಾಗಾದರೆ ಶೂಟಿಂಗ್ ಹೊತ್ತಿಗೆ ಹಾಡನ್ನು ಎರಡೂವರೆ ಪಟ್ಟು ವೇಗದಲ್ಲಿ ಹಾಕಬೇಕು, ಅವಳೂ ಅದೇ ವೇಗದಲ್ಲಿ ಹಾಡಬೇಕು. ಆಗ ದೀರ್ಘ ಅಕ್ಷರಗಳೇ ನುಂಗಿ ಹೋಗುತ್ತವೆ. ಭಾವಗೀತೆಯ ಜೀವ ಇರುವುದೇ ಆ ಎಳೆತದಲ್ಲಿ ಅಲ್ವಾ? 30 ಫ್ರೇಮ್‌ನಲ್ಲಿ ತೆಗೆದರೆ 1.25 ಪಟ್ಟು ವೇಗ ಸಾಕು, ಆದರೆ ಸೆರಗು ಅಷ್ಟು ತೇಲುವುದಿಲ್ಲ. ಮುಖದ ಶಾಟ್ 30ರಲ್ಲಿ, ದೂರದ್ದು 60ರಲ್ಲಿ ತೆಗೆದು ಬೆರೆಸಿದರೆ ಒಂದಕ್ಕೊಂದು ಹೊಂದುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಇನ್ನೊಂದು, ಕಟ್ ಬಗ್ಗೆ. ಹಾಡು ನಿಮಿಷಕ್ಕೆ 96 ಬೀಟ್. ಅಂದರೆ 24ರ ಟೈಮ್‌ಲೈನ್‌ನಲ್ಲಿ ಬೀಟ್‌ಗೆ ಸರಿಯಾಗಿ 15 ಫ್ರೇಮ್. ಪ್ರತಿ ಬೀಟ್‌ಗೂ ಸುಮ್ನೆ ಕಟ್ ಕೊಟ್ಟರೆ ಕಣ್ಣಿಗೆ ಆಯಾಸ. ಪಲ್ಲವಿಯಲ್ಲಿ ಶಾಟ್ ಉದ್ದ ಬಿಟ್ಟು, ತಬಲಾ ಜೋರಾಗುವಲ್ಲಿ ಮಾತ್ರ ಬೀಟ್ ಹಿಡಿಯುವುದು ಸರಿ ಅನಿಸುತ್ತದೆ. ಅಲ್ಲಿ ಬೀಟ್‌ಗಿಂತ ಒಂದೆರಡು ಫ್ರೇಮ್ ಮೊದಲೇ ಕಟ್ ಮಾಡಿದರೆ ಚೆನ್ನಾಗಿರುತ್ತದಾ?

ಬೇಕಲ ಕೋಟೆ ಕೇಂದ್ರದ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಒಳಗೆ ಟ್ರೈಪಾಡ್ ಇಟ್ಟು ಶೂಟ್ ಮಾಡಲು ಅನುಮತಿ ಪಡೆದವರಿದ್ದರೆ ಅರ್ಜಿ ಎಲ್ಲಿ ಕೊಟ್ಟಿರಿ ತಿಳಿಸಿ. ಮಂಜೇಶ್ವರ, ಕಾಸರಗೋಡು ಕಡೆ ಗಿಂಬಲ್ (ಕ್ಯಾಮೆರಾ ಅಲುಗಾಡದಂತೆ ಹಿಡಿಯುವ ಸಾಧನ) ಬಾಡಿಗೆಗೆ ಸಿಗುವುದಾದರೆ ಅದನ್ನೂ ಹೇಳಿ. ಮಳೆಗಾಲ ಶುರುವಾಗುವ ಮೊದಲು ಶೂಟಿಂಗ್ ಮುಗಿಸಬೇಕು.