ಪ್ರಾರ್ಥನೆ ಬರುತ್ತಿಲ್ಲ, ಆದರೂ ಪೂಜೆಗೆ ಹೋಗಬೇಕಾ?

ಶಿವಾಜಿನಗರದವಳು: ಅಮ್ಮ ತೀರಿಕೊಂಡ ಮೇಲೆ ಪ್ರಾರ್ಥನೆಗೆ ಬಾಯೇ ಬರುತ್ತಿಲ್ಲ. ಭಾನುವಾರ ಚರ್ಚಲ್ಲಿ ಕನ್ನಡ ಪೂಜೆಗೆ ಹೋಗುತ್ತೇನೆ. ನಾವು ನಂಬುವುದನ್ನು ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸ ಸಂಗ್ರಹ ಶುರುವಾದರೆ ಸುಮ್ನೆ ತುಟಿ ಆಡಿಸುತ್ತೇನೆ. ಪಕ್ಕದ ಆಂಟಿ ಜೋರಾಗಿ ಹೇಳುತ್ತಾರೆ, ಹೊಟ್ಟೆಕಿಚ್ಚಾಗುತ್ತದೆ. ಇದು ನಾಟಕ ಅಲ್ವಾ?

ಫ್ರೇಜರ್ ಟೌನ್ ಅಣ್ಣ: ನಾಟಕ ಯಾಕೆ? ಬೈಬಲ್‌ನಲ್ಲಿ ಮಾರ್ಕ 9:24 ನೋಡಿ. ಮಗನನ್ನು ಕರೆತಂದ ಅಪ್ಪ ನಂಬುತ್ತೇನೆ ಅಂತ ಕೂಗಿ, ಅದೇ ಉಸಿರಲ್ಲಿ ಅಪನಂಬಿಕೆಗೂ ಸಹಾಯ ಕೇಳುತ್ತಾನೆ. ಯೇಸು ಬೈಯಲಿಲ್ಲ, ಮಗನನ್ನು ವಾಸಿ ಮಾಡಿದ.

ಹಳೇ ಉಪದೇಶಿ: 88ನೇ ಕೀರ್ತನೆ ಓದಮ್ಮ. ಗೋಳಿನ ಕೀರ್ತನೆಗಳು ಜಾಸ್ತಿ ಸ್ತುತಿಯಲ್ಲೇ ಮುಗಿಯುತ್ತವೆ. ಇದು ಕತ್ತಲಲ್ಲೇ ನಿಲ್ಲುತ್ತದೆ. ಮದರ್ ತೆರೇಸಾ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದವು. ಅವರಿಗೂ ವರ್ಷಗಟ್ಟಲೆ ದೇವರ ಸುಳಿವೇ ಸಿಕ್ಕಿರಲಿಲ್ಲ.

ಶಿವಾಜಿನಗರದವಳು: ಮದರ್ ಎಲ್ಲಿ, ನಾನೆಲ್ಲಿ ಸಾರ್! ಆದರೆ 88 ಬಸ್ಸಲ್ಲೇ ಓದಿದೆ. ಇದನ್ನು ಪೂಜೆಯಲ್ಲಿ ಪಾದ್ರಿ ಕೊಡುವ ಪ್ರಬೋಧನೆಯಲ್ಲಿ ಯಾಕೆ ಯಾರೂ ಎತ್ತಲ್ಲ?